ಹೆಸರು ತೋರಿಸಿದವಳಿಗೆ ನೋಟೀಸು

ಮಾನ್ಯ ಗುರುತು ನಿಯಮ ಪಾಲನಾಧಿಕಾರಿಗಳೇ,

ನಿಮ್ಮನ್ನು ಹೆಸರು ಹಿಡಿದು ಕರೆಯಬೇಕೆಂದು ತುಂಬ ಪ್ರಯತ್ನಪಟ್ಟೆ. ದೋನ್ಯಾ ತೆಂಚಾ ಅವರಿಗೆ ನೀವು ಕಳಿಸಿದ ನೋಟೀಸನ್ನು ಕನ್ನಡಕ ಹಾಕಿಕೊಂಡು ನೋಡಿದೆ, ತೆಗೆದು ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದೂ ನೋಡಿದೆ. ಕೆಳಗೆ ಹುದ್ದೆ ಇದೆ, ನಗರದ ಮೊಹರು ಇದೆ, ಸಹಿ ಇರಬೇಕಾದ ಕಡೆ ಎರೆಹುಳು ಹರಿದುಹೋದಂಥ ಒಂದು ಗೆರೆ ಇದೆ. ಹೆಸರು ಮಾತ್ರ ಇಲ್ಲ. ಕಾನೂನು ಜಾರಿ ಮಾಡುವವರ ಗುರುತು ಜನರಿಗೆ ಕಾಣುವಂತಿರಬೇಕು ಎಂಬ ನಿಯಮವನ್ನು ಕಾಯಲೆಂದೇ ನಗರ ನಿಮ್ಮ ಕಚೇರಿಯನ್ನು ತೆರೆದಿದೆ. ಹಾಗಾಗಿ ಹೆಸರು ಬರೆಯದಿರುವುದು ನಿಮ್ಮ ವಿನಯವೆಂದು ತಿಳಿದು ಮುಂದುವರಿಯುತ್ತೇನೆ.

ನನ್ನ ತಕರಾರು ಇಷ್ಟು. ನಿಯಮ ಬಂದು ಹತ್ತು ವಾರವಾಯಿತು. ಈ ಹತ್ತು ವಾರಗಳಲ್ಲಿ ಇಡೀ ಅರೋಯೋ ಪಾರ್ದೋ ನಗರದಲ್ಲಿ ಅದರ ಅಡಿಯಲ್ಲಿ ಸಿಕ್ಕಿಬಿದ್ದವರು ಒಬ್ಬರೇ: ಹೊರ್ತೆನ್ಸಿಯಾ ಕಿರೋಸ್, ವಯಸ್ಸು ಅರವತ್ತೇಳು, ನಮ್ಮ ಶಾಖಾ ಗ್ರಂಥಾಲಯದ ಎದುರಿನ ಮೂಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುತ್ತಿರುವವರು. ಊರಿಗೆಲ್ಲ ಮರ್ಯಾದೆಯಿಂದ ದೋನ್ಯಾ ತೆಂಚಾ, ಮಕ್ಕಳಿಗೆ ಮಿಸ್ ತೆಂಚಾ. ಮುಖ ಮುಚ್ಚಿಕೊಂಡು ಗುರುತು ಮರೆಸಿದರು ಎಂಬುದು ಆರೋಪ. ಅವರನ್ನು ಕೆಲಸದಿಂದ ನಿಲ್ಲಿಸಿದ್ದೀರಿ. ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಆ ಮೂಲೆ ಅವರಿಗೆ ಉಳಿಯುತ್ತದೋ ಇಲ್ಲವೋ ಎಂಬುದು ಅಂದು ತೀರ್ಮಾನವಾಗುತ್ತದೆ.

ಈ ನಿಯಮ ಯಾಕೆ ಬಂತೆಂದು ನಿಮ್ಮ ಕಡತದಲ್ಲಿ ಇರಬಹುದು. ಆದರೂ ಹೇಳುತ್ತೇನೆ, ಕಡತಗಳಿಗೆ ಮರೆವು ಜಾಸ್ತಿ. ಏಪ್ರಿಲ್‌ನಲ್ಲಿ ಡೋನಟ್ ಅಂಗಡಿಯ ಮುಂದೆ ಕಾಫಿ ಕುಡಿಯುತ್ತ ನಿಂತಿದ್ದ ಎವೆಲಿಯೋ ಎಂಬ ಚಾವಣಿ ಕೆಲಸದವನನ್ನು ಮುಖ ಮುಚ್ಚಿಕೊಂಡ ನಾಲ್ವರು ವ್ಯಾನಿಗೆ ಹತ್ತಿಸಿಕೊಂಡು ಹೋದರು. ಅವರ ಎದೆಯ ಮೇಲೆ ‘ಪೊಲೀಸ್’ ಎಂದಿತ್ತು, ಅಷ್ಟೇ. ಯಾವ ಪೊಲೀಸ್, ಯಾವ ಊರಿನ ಪೊಲೀಸ್, ಯಾರ ಅಪ್ಪಣೆಯ ಪೊಲೀಸ್ ಎಂದು ಇರಲಿಲ್ಲ. ಅವನ ಹೆಂಡತಿ ಮಾರಿಸೆಲಾ ಒಂಬತ್ತು ದಿನ ನಮ್ಮ ಗ್ರಂಥಾಲಯದ ಫೋನಿನಿಂದ ಒಂದು ಕಚೇರಿ ಬಿಟ್ಟು ಇನ್ನೊಂದಕ್ಕೆ ಕರೆ ಮಾಡುತ್ತ ಕೂತಿದ್ದಳು. ಎಲ್ಲ ಕಡೆಯೂ ಒಂದೇ ಉತ್ತರ: ‘ನಮ್ಮವರಲ್ಲ.’ ಹತ್ತನೆಯ ದಿನ ಎವೆಲಿಯೋ ಬೇರೊಂದು ರಾಜ್ಯದಿಂದ ತಾನೇ ಫೋನ್ ಮಾಡಿದ. ಆ ಒಂಬತ್ತು ದಿನ ಅವನು ಯಾರ ಕೈಯಲ್ಲಿದ್ದ ಎಂಬುದನ್ನು ಇವತ್ತಿನವರೆಗೆ ಯಾರೂ ಒಪ್ಪಿಕೊಂಡಿಲ್ಲ.

ಅದಕ್ಕೇ ಜುಲೈ ತಿಂಗಳಲ್ಲಿ ನಗರ ಸಭೆಯಲ್ಲಿ ನಾವೆಲ್ಲ ಸಾಲಾಗಿ ನಿಂತು ತಲಾ ಎರಡು ನಿಮಿಷ ಮಾತಾಡಿದೆವು. ನಾನೂ ಮಾತಾಡಿದೆ. ಅಷ್ಟೇ ಅಲ್ಲ, ತಪ್ಪೊಪ್ಪಿಗೆ ಇಲ್ಲೇ ಮುಗಿಸಿಬಿಡುತ್ತೇನೆ: ನಿಯಮದ ಕರಡನ್ನು ಓದಿ ತಿದ್ದಿಕೊಟ್ಟವರಲ್ಲಿ ನಾನೂ ಒಬ್ಬಳು. ಗ್ರಂಥಪಾಲಕಿ ತಾನೇ ಎಂದು ಕೊಟ್ಟಿದ್ದರು. ಹನ್ನೊಂದು ಅಲ್ಪವಿರಾಮ ಸರಿಪಡಿಸಿದೆ. ‘ಕಾನೂನು ಜಾರಿಗೊಳಿಸುವ ಅಥವಾ ಅದಕ್ಕೆ ನೆರವಾಗುವ ಪ್ರತಿಯೊಬ್ಬ ವ್ಯಕ್ತಿ’ ಎಂಬ ಸಾಲು ಬಂದಾಗ, ಎಷ್ಟು ವಿಶಾಲವಾಗಿದೆ, ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಸಂತೋಷಪಟ್ಟೆ. ಮಕ್ಕಳನ್ನು ರಸ್ತೆ ದಾಟಿಸುವವರು ಪೊಲೀಸ್ ಇಲಾಖೆಯ ಸಂಚಾರ ವಿಭಾಗಕ್ಕೆ ಸೇರಿದವರೆಂದು ಆಗ ನೆನಪಾಗಲಿಲ್ಲ. ಮುಖ ಮುಚ್ಚಲು ಯಾವಾಗ ವಿನಾಯಿತಿ ಎಂಬ ಪಟ್ಟಿಯಲ್ಲಿ ಕಾಡ್ಗಿಚ್ಚಿನ ಹೊಗೆ, ಮೋಟರ್‌ಸೈಕಲ್ ಶಿರಸ್ತ್ರಾಣ, ಗುಪ್ತ ಕಾರ್ಯಾಚರಣೆ ಎಲ್ಲ ಇದ್ದವು. ಬಾದಾಮಿಯ ಧೂಳು ಇರಲಿಲ್ಲ. ನಾಲ್ಕು ದಿಕ್ಕಿಗೂ ಬಾದಾಮಿ ತೋಟಗಳಿರುವ ಊರಿನಲ್ಲಿ, ಬಾದಾಮಿ ಬೆಳೆದೇ ಬದುಕುವ ಇಪ್ಪತ್ತು ಜನ ಕೂತು ಬರೆದ ನಿಯಮದಲ್ಲಿ ಬಾದಾಮಿಯ ಧೂಳನ್ನು ಮರೆತೆವು. ಯಾಕೆಂದರೆ ಅದು ಜುಲೈ. ಜುಲೈನಲ್ಲಿ ನಮ್ಮೂರ ಗಾಳಿ ಸೀಸೆಯ ಹಾಗೆ ಸ್ವಚ್ಛ.

ಸೆಪ್ಟೆಂಬರಿನ ಕತೆ ನಿಮಗೂ ಗೊತ್ತು, ಅಥವಾ ನಿಮ್ಮ ಮೂಗಿಗೆ ಗೊತ್ತು. ಬಾದಾಮಿ ಕೊಯ್ಲಿನ ಯಂತ್ರಗಳು ಮರದ ಕುತ್ತಿಗೆ ಹಿಡಿದು ಅಲುಗಾಡಿಸಲು ಶುರುಮಾಡಿದ ಮೇಲೆ ಆರು ವಾರ ನಾವೆಲ್ಲ ಕಂದು ಬಣ್ಣದ ಗಾಳಿಯನ್ನು ಉಸಿರಾಡುತ್ತೇವೆ. ಒಣಗಲು ಹಾಕಿದ ಬಿಳಿ ಅಂಗಿಯನ್ನು ಬೇರೆ ಬಣ್ಣದಲ್ಲಿ ಒಳಗೆ ತರುತ್ತೇವೆ. ದೋನ್ಯಾ ತೆಂಚಾರಿಗೆ ಉಬ್ಬಸ. ಅವರು ನಿಲ್ಲುವ ದೀಪದ ಕಂಬಕ್ಕೇ ಆರೋಗ್ಯ ಇಲಾಖೆಯವರು ಒಂದು ಪ್ರಕಟಣೆ ಅಂಟಿಸಿದ್ದಾರೆ: ‘ಇಂದು ಧೂಳು ಹೆಚ್ಚು. ಹೊರಗೆ ದುಡಿಯುವವರು ಮುಖಗವಸು ಧರಿಸಬೇಕು.’ ಅದರ ಕೆಳಗೆ, ಅದೇ ಕಂಬಕ್ಕೆ, ನಿಮ್ಮ ಕಚೇರಿಯ ಪ್ರಕಟಣೆ: ‘ಕರ್ತವ್ಯದಲ್ಲಿರುವಾಗ ಮುಖ ಮುಚ್ಚಿಕೊಳ್ಳುವುದು ಅಪರಾಧ.’ ಎರಡನ್ನೂ ಒಟ್ಟಿಗೆ ಪಾಲಿಸಲು ಉಸಿರಾಡುವುದನ್ನು ಬಿಡುವುದೊಂದೇ ದಾರಿ. ಅದನ್ನು ಯಾವ ಇಲಾಖೆಯೂ ಬಾಯಿಬಿಟ್ಟು ಹೇಳಿಲ್ಲ.

ಇನ್ನು ಆ ಮಂಗಳವಾರ. ಎಂಟಕ್ಕೆ ಹತ್ತು ನಿಮಿಷ ಇತ್ತು. ನಾನು ಗ್ರಂಥಾಲಯದ ಮೆಟ್ಟಿಲ ಹತ್ತಿರ, ಜನ ಹಿಂತಿರುಗಿಸಿದ ಪುಸ್ತಕಗಳ ಪೆಟ್ಟಿಗೆಯನ್ನು ಖಾಲಿ ಮಾಡುತ್ತಿದ್ದೆ. ಎದುರಿನ ಲಾಂಡ್ರಿಯ ಅಂಗಳದಿಂದ ಬೂದು ಬಣ್ಣದ ವ್ಯಾನೊಂದು ಹೊರಟು ಮೂಲೆಗೆ ಬಂತು. ಮುಂದೆ ನಂಬರು ಫಲಕ ಇರಲಿಲ್ಲ. ಒಳಗೆ ಮೂವರು. ಕಣ್ಣು ಬಿಟ್ಟು ಮುಖವೆಲ್ಲ ಕಪ್ಪು ಬಟ್ಟೆ, ಎದೆಯ ಮೇಲೆ ಅದೇ ‘ಪೊಲೀಸ್’ ಎಂಬ ಒಂದು ಮಾತು. ದೋನ್ಯಾ ತೆಂಚಾ ಧೂಳಿಗೆ ಮುಖಗವಸು ಹಾಕಿಕೊಂಡು, ಕೆಂಪು ಫಲಕ ಎತ್ತಿ ಹಿಡಿದು ರಸ್ತೆಯ ನಡುವೆ ನಿಂತಿದ್ದರು. ಮಕ್ಕಳ ಸಾಲು ದಾಟಿತು. ಕೊನೆಯ ಹುಡುಗಿಯೂ ದಾಟಿದಳು. ಫಲಕ ಕೆಳಗಿಳಿಯಲಿಲ್ಲ.

ವ್ಯಾನಿನ ಗಾಜು ಇಳಿಯಿತು.

“ಅಮ್ಮಾ, ಮಕ್ಕಳೆಲ್ಲ ದಾಟಿ ಆಯ್ತಲ್ಲ?”

“ಅವರದ್ದು ಆಯ್ತು. ನಾನಿನ್ನೂ ದಾಟಿಲ್ಲ.”

“ಸರಿ, ದಾಟಿ ಮತ್ತೆ.”

“ದಾಟ್ತೀನಿ. ಮೊಣಕಾಲು ನೋವು, ಸ್ವಲ್ಪ ನಿಧಾನ. ಅಷ್ಟರಲ್ಲಿ ನಿಮ್ಮ ಹೆಸರು ಹೇಳ್ಬಿಡಿ.”

“ಹೆಸರು ಹೇಳೋ ಹಾಗಿಲ್ಲ.”

“ಯಾಕಪ್ಪಾ, ಮನೇಲಿ ಇಟ್ಟಿಲ್ವಾ?”

“ನೋಡಿ, ಇದು ನಮ್ಮ ಸುರಕ್ಷತೆ ವಿಷಯ.”

“ಓಹೋ! ನೋಡಪ್ಪಾ, ನನ್ನ ಹೆಸರು ಇಲ್ಲಿದೆ, ಎದೆ ಮೇಲೆ. ನಂಬರೂ ಇದೆ, ಹದಿನಾಲ್ಕು. ಹತ್ತೊಂಬತ್ತು ವರ್ಷದಿಂದ ಹಿಂಗೇ ನಿಂತಿದ್ದೀನಿ, ಯಾರೂ ಬಂದು ನನ್ನನ್ನ ತಿಂದಿಲ್ಲ. ನೀವು ಮೂರು ಜನ ಗಂಡಸರಿದ್ದೀರಿ, ಇಷ್ಟು ದೊಡ್ಡ ವ್ಯಾನಿದೆ, ಎದೆಗೆ ಏನೇನೋ ಕಟ್ಕೊಂಡಿದ್ದೀರಿ. ನಿಮಗೆ ಯಾರ ಭಯ?”

ಹಿಂದೆ ನಿಂತಿದ್ದ ಟ್ರಕ್ಕಿನವನು ಹಾರ್ನ್ ಹೊಡೆದ. ದೋನ್ಯಾ ತೆಂಚಾ ಅವನ ಕಡೆ ತಿರುಗಿ, “ಇವರು ಹೆಸರು ನೆನಪು ಮಾಡ್ಕೋತಾ ಇದ್ದಾರೆ, ಒಂದ್ನಿಮಿಷ!” ಎಂದು ಕೂಗಿದರು. ಅವನು ತಲೆ ಹೊರಗೆ ಹಾಕಿ ವ್ಯಾನನ್ನು ನೋಡಿದ. ಆಮೇಲೆ ಎಂಜಿನ್ ಆರಿಸಿ, ಕೈಕಟ್ಟಿ ಕೂತ. ಆಚೆ ಬದಿಯಲ್ಲಿ ನಿಂತ ಒಂದನೆಯ ತರಗತಿಯ ಹುಡುಗಿ ಕೇಳಿದಳು: “ಮಿಸ್ ತೆಂಚಾ, ಅವರು ಯಾರು?”

“ಗೊತ್ತಿಲ್ಲ ಮಗಳೇ. ಅವರಿಗೂ ಗೊತ್ತಿಲ್ಲ ಅನ್ಸುತ್ತೆ. ನೀನು ಒಳಗೆ ಹೋಗು, ಬೆಲ್ ಹೊಡೆಯುತ್ತೆ.”

ನಾಲ್ಕು ನಿಮಿಷ. ನಾನು ಗಡಿಯಾರ ನೋಡಿಕೊಂಡಿದ್ದೇನೆ. ಆಮೇಲೆ ವ್ಯಾನು ಹಿಂದಕ್ಕೆ ಸರಿದು, ಎಡಕ್ಕೆ ಹೊರಳಿ ಹೋಯಿತು. ಯಾರನ್ನು ಹುಡುಕಿಕೊಂಡು ಬಂದಿದ್ದರೋ ತಿಳಿಯಲಿಲ್ಲ. ಲಾಂಡ್ರಿಯೊಳಗೆ ಬಟ್ಟೆ ಮಡಚುತ್ತಿದ್ದ ಹೆಂಗಸರು ಮಡಚುವುದನ್ನು ನಿಲ್ಲಿಸಿ ಗಾಜಿನ ಹಿಂದೆ ಸಾಲಾಗಿ ನಿಂತಿದ್ದರು. ವ್ಯಾನು ಮರೆಯಾದ ಮೇಲೂ ತುಂಬ ಹೊತ್ತು ಹಾಗೇ ನಿಂತಿದ್ದರು. ಅದನ್ನು ಮಾತ್ರ ನನಗೆ ತಮಾಷೆಯಾಗಿ ಬರೆಯಲು ಬರುವುದಿಲ್ಲ.

ಅದೇ ದಿನ ಮಧ್ಯಾಹ್ನ ನಾನು ನಿಮ್ಮ ಕಚೇರಿಗೆ ಬಂದೆ. ನಿಯಮ ಇದೆ, ಉಲ್ಲಂಘನೆ ಆಗಿದೆ, ಕಣ್ಣಾರೆ ಕಂಡಿದ್ದೇನೆ, ದೂರು ಕೊಟ್ಟರಾಯಿತು ಎಂದುಕೊಂಡಿದ್ದೆ. ಕೌಂಟರಿನಲ್ಲಿದ್ದವರು ಇದಲೀನಾ. ಅವರ ಹೆಸರು ಮೇಜಿನ ಮೇಲೆ ದೊಡ್ಡದಾಗಿ ಬರೆದಿತ್ತು. ನಿಮ್ಮ ಕಚೇರಿಯಲ್ಲಿ ನನಗೆ ಕಂಡ ಏಕೈಕ ಹೆಸರು ಅದು. ಒಳ್ಳೆಯ ಹೆಂಗಸು, ತಪ್ಪು ಅವರದಲ್ಲ. ಫಾರಂ ಅವರು ಬರೆದದ್ದಲ್ಲ.

“ಮೊದಲನೇ ಖಾನೆ, ಅಧಿಕಾರಿಯ ಪೂರ್ತಿ ಹೆಸರು. ಎರಡನೇದು ಬ್ಯಾಡ್ಜ್ ನಂಬರು. ಇವೆರಡು ತುಂಬದೆ ಕಂಪ್ಯೂಟರು ಮುಂದಕ್ಕೆ ಹೋಗಲ್ಲ ಮೇಡಂ,” ಎಂದರು.

“ಹೆಸರು ತೋರಿಸಲಿಲ್ಲ ಅನ್ನೋದೇ ನನ್ನ ದೂರು.”

“ಸರಿ. ಯಾರು ತೋರಿಸಲಿಲ್ಲ?”

“ಆ ಮೂರು ಜನ.”

“ಅವರ ಹೆಸರು?”

ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ನಗು ಬಂತು, ಇಬ್ಬರೂ ನಗಲಿಲ್ಲ. ಅವರು ಸ್ವಲ್ಪ ಮುಂದೆ ಬಾಗಿ, “ಮೇಡಂ, ತಪ್ಪು ತಿಳೀಬೇಡಿ, ಅವರನ್ನೇ ಒಂದ್ಸಲ ಕೇಳಿ ನೋಡಬಹುದಿತ್ತಲ್ಲ?” ಎಂದರು.

“ಕೇಳಿದ್ರು. ನಾಲ್ಕು ನಿಮಿಷ ಕೇಳಿದ್ರು.”

“ಹಾಗಾದ್ರೆ ಅವರು ಗುಪ್ತ ಕಾರ್ಯಾಚರಣೇಲಿ ಇದ್ರೇನೋ. ಅದಕ್ಕೆ ವಿನಾಯಿತಿ ಇದೆ.”

“ಎದೆ ಮೇಲೆ ಅಷ್ಟು ದಪ್ಪಕ್ಷರದಲ್ಲಿ ಪೊಲೀಸ್ ಅಂತ ಬರ್ಕೊಂಡಾ?”

ಇದಲೀನಾ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಪಾಪ, ಅವರಿಗೂ ಇದಕ್ಕೆ ಉತ್ತರ ಯಾರೂ ಕೊಟ್ಟಿರಲಿಲ್ಲ. ಕೊನೆಗೆ ನಾನು ಎರಡೂ ಖಾನೆಗಳಲ್ಲಿ ‘ಗೊತ್ತಿಲ್ಲ’ ಎಂದು ತುಂಬಿದೆ. ಕಂಪ್ಯೂಟರು ತಕ್ಷಣ ಒಪ್ಪಿಕೊಂಡಿತು. ನಾಲ್ಕನೆಯ ದಿನ ನಿಮ್ಮಿಂದ ಪತ್ರ ಬಂತು: ‘ತಾವು ಸೂಚಿಸಿದ ಹೆಸರಿನ ಅಧಿಕಾರಿ ದಾಖಲೆಗಳಲ್ಲಿ ಕಂಡುಬಂದಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ.’ ನನಗೆ ಕವಿತೆ ಓದುವ ಅಭ್ಯಾಸವಿದೆ. ಅರ್ಥವಾಗದ ಸಾಲಿನ ಮುಂದೆ ತಾಳ್ಮೆಯಿಂದ ಕೂರಬಲ್ಲೆ. ಈ ಎರಡು ಸಾಲಿನ ಮುಂದೆ ಒಂದಿಡೀ ಸಂಜೆ ಕೂತೆ. ಏನೂ ಹೊಳೆಯಲಿಲ್ಲ.

ಹೊಳೆದದ್ದು ಸೋಮವಾರ, ದೋನ್ಯಾ ತೆಂಚಾ ತಮ್ಮ ನೋಟೀಸನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಾಗ. ನಾನು ಬಂದುಹೋದ ಮರುದಿನವೇ ನಿಮ್ಮ ಕಚೇರಿಗೆ ಇನ್ನೊಂದು ದೂರು ಬಂದಿದೆ. ಆ ದೂರಿನಲ್ಲಿ ಒಂದು ಖಾನೆಯೂ ಖಾಲಿ ಇಲ್ಲ. ಹೆಸರು: ಎಚ್. ಕಿರೋಸ್. ನಂಬರು: ಹದಿನಾಲ್ಕು. ಸ್ಥಳ, ಸಮಯ, ಜಾಕೆಟ್ಟಿನ ಬಣ್ಣ, ಎಲ್ಲ ಇದೆ. ಹೆಸರನ್ನು ನೇರಳೆ ದಾರದಲ್ಲಿ ಕಸೂತಿ ಹಾಕಿದ್ದಾರೆ, ಅದು ನಿಗದಿತ ಕಪ್ಪು ಬಣ್ಣವಲ್ಲ ಎಂಬುದೂ ಇದೆ. (ಪಿನ್ನು ಪದೇಪದೇ ಬಿದ್ದುಹೋಗುತ್ತಿತ್ತೆಂದು ಮೊಮ್ಮಗಳು ಹೊಲಿದುಕೊಟ್ಟದ್ದು ಅದು.) ದೂರು ಕೊಟ್ಟವರು: ‘ಕರ್ತವ್ಯನಿರತ ಅಧಿಕಾರಿ. ಹೆಸರು ಗೌಪ್ಯ.’

ಮಾನ್ಯರೇ, ಇಷ್ಟು ಅಚ್ಚುಕಟ್ಟಾದ ದೂರು ಹೇಗೆ ಸಾಧ್ಯವಾಯಿತು? ಅವರು ಹೆಸರು ತೋರಿಸಿದ್ದರಿಂದ. ನಿಯಮವನ್ನು ಪಾಲಿಸಿದವರೊಬ್ಬರೇ ಸಿಕ್ಕಿಬೀಳಬಲ್ಲರು. ಮುರಿದವರ ಮೇಲೆ ದೂರು ತುಂಬಲು ನಿಮ್ಮ ಫಾರಂನಲ್ಲಿ ಜಾಗವೇ ಇಲ್ಲ. ಕಳ್ಳನ ವಿಳಾಸ ತಂದುಕೊಟ್ಟರೆ ಮಾತ್ರ ಕಳವಿನ ದೂರು ತೆಗೆದುಕೊಳ್ಳುತ್ತೇವೆ ಎನ್ನುವ ಠಾಣೆಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇದನ್ನು ಯಾರಾದರೂ ಕುತಂತ್ರದಿಂದ ಮಾಡಿದ್ದರೆ ನಾನು ಅವರ ಬುದ್ಧಿಯನ್ನಾದರೂ ಮೆಚ್ಚುತ್ತಿದ್ದೆ. ಆದರೆ ನಿಮ್ಮ ಕಚೇರಿಯನ್ನು ಕಂಡ ಮೇಲೆ ಹೇಳಬಲ್ಲೆ, ಇದರಲ್ಲಿ ಕುತಂತ್ರವಿಲ್ಲ. ಬೇರೆ ಯಾವುದೋ ದೂರಿನ ಹಳೆಯ ಫಾರಂ ತೆಗೆದು ಮೇಲಿನ ತಲೆಬರಹ ಬದಲಿಸಿದ್ದೀರಿ, ಅಷ್ಟೇ. ನಾನು ಅಲ್ಪವಿರಾಮ ನೋಡುತ್ತ ಧೂಳನ್ನು ಮರೆತ ಹಾಗೆ.

ಹೆಸರು ತೋರಿಸಿ ಎಂದು ನಾವು ಕೇಳಿದ್ದಾದರೂ ಯಾಕೆ? ಯಾರ ಮನೆಗೂ ಹೋಗಿ ಬಾಗಿಲು ತಟ್ಟುವ ಆಸೆಯಿಂದಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಮೇಲೆ ಕೈಯಿಡುವ ಅಧಿಕಾರ ಪಡೆದಾಗ, ನಾಳೆ ಬಂದು ನನ್ನನ್ನು ಕೇಳಬಹುದು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಹೆಸರೆಂದರೆ ಆ ಒಪ್ಪಿಗೆ, ಮುಖವೆಂದರೂ ಅದೇ. ಬರೀ ನಂಬರು ಹಾಕಿಕೊಂಡರೂ ನಮಗೆ ಸಾಕೆಂದು ನಿಯಮದಲ್ಲೇ ಬರೆದಿದ್ದೇವೆ, ಅಷ್ಟು ಉದಾರಿಗಳು ನಾವು. ಮಾರಿಸೆಲಾ ಒಂಬತ್ತು ದಿನ ಕೇಳಿದ್ದು ಗಂಡನನ್ನು ಬಿಡಿ ಎಂದಲ್ಲ. ಯಾರನ್ನು ಕೇಳಬೇಕು ಹೇಳಿ ಎಂದು. ಅದಕ್ಕೊಂದು ಅಂಕಿ ಸಾಕಿತ್ತು.

ದೋನ್ಯಾ ತೆಂಚಾರ ಮುಖಗವಸು ಆ ಒಪ್ಪಿಗೆಯನ್ನು ಮುರಿಯಿತೇ? ಆ ಮೂಲೆಯಲ್ಲಿ ಅವರನ್ನು ಯಾರಾದರೂ ಗುರುತಿಸಲಾಗದೆ ಹೋದರೇ? ಅವರ ಜಾಗಕ್ಕೆ ಈಗ ನೀವು ಕಳಿಸಿರುವ ಅಧಿಕಾರಿಯನ್ನು ನಾನು ದಿನವೂ ನೋಡುತ್ತೇನೆ. ದೂರಲು ಏನೂ ಇಲ್ಲ. ಹೆಸರು ಹಿತ್ತಾಳೆಯಲ್ಲಿ ಹೊಳೆಯುತ್ತದೆ, ನಂಬರು ನಮ್ಮ ಮೆಟ್ಟಿಲಿನಿಂದಲೇ ಓದಬಹುದು, ಮುಖ ನುಣ್ಣಗೆ ಬೋಳಿಸಿದೆ, ಧೂಳಿಗೆ ಕಣ್ಣು ಕೆಂಪಾಗಿದೆ. ಎಲ್ಲ ಮಕ್ಕಳನ್ನೂ “ಏಯ್, ನೀನು” ಎಂದು ಕರೆಯುತ್ತಾರೆ. ದೋನ್ಯಾ ತೆಂಚಾರಿಗೆ ಇನ್ನೂರ ಹನ್ನೊಂದು ಮಕ್ಕಳ ಹೆಸರು ಗೊತ್ತು. ಯಾರ ಬೂಟಿನ ದಾರ ಬಿಚ್ಚಿರುತ್ತದೆ, ಯಾರು ರಸ್ತೆ ನೋಡದೆ ಓಡುತ್ತಾರೆ, ಯಾರ ಅಪ್ಪ ಮನೆಯಲ್ಲಿಲ್ಲ ಎಂಬುದೂ ಗೊತ್ತು. ಎವೆಲಿಯೋನ ಮಗನ ಕೈಯನ್ನು ಏಪ್ರಿಲ್‌ನಿಂದ ಈಚೆಗೆ ಅವರು ದಾಟಿಸುವಾಗ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿರುತ್ತಿದ್ದರು. ಇದಕ್ಕೆ ಯಾವ ಫಾರಂನಲ್ಲೂ ಖಾನೆ ಇಲ್ಲ, ಇರಬೇಕೆಂದೂ ನಾನು ಕೇಳುವುದಿಲ್ಲ.

ಮೊನ್ನೆ ಶನಿವಾರ ಅವರ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಕೂತು, ಅಡುಗೆಗೆಂದು ಪಾಪಸುಕಳ್ಳಿಯ ಎಲೆಗಳಿಂದ ಮುಳ್ಳು ಕೆರೆಯುತ್ತಿದ್ದರು. ನೀವು ನೋಟೀಸಿನ ಜೊತೆ ಕಳಿಸಿದ ಇನ್ನೊಂದು ಹಾಳೆ ಪಕ್ಕದಲ್ಲಿ ಒಂದು ಕಲ್ಲಿನ ಕೆಳಗಿತ್ತು: ‘ಗುರುತು ಮರೆಸುವ ಉದ್ದೇಶದಿಂದ ಮುಖ ಮುಚ್ಚಿಕೊಂಡಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.’ ಇದಕ್ಕೆ ಸಹಿ ಹಾಕಿದರೆ ವಿಚಾರಣೆ ಇಲ್ಲದೆಯೇ ಕೆಲಸ ವಾಪಸ್ಸು.

“ಹಾಕಿಬಿಡಿ ದೋನ್ಯಾ ತೆಂಚಾ,” ಎಂದೆ. ಹೇಳಿದ್ದಕ್ಕೆ ಈಗ ನಾಚಿಕೆಯಾಗುತ್ತಿದೆ. “ಒಂದು ಸಹಿ ತಾನೇ? ಸೋಮವಾರದಿಂದ ನಿಮ್ಮ ಮೂಲೆ ನಿಮಗೆ.”

“ನೀನು ಇಷ್ಟೊಂದು ಓದ್ಕೊಂಡಿದ್ದೀಯ ಆರ್ಪಿ, ಈ ಹಾಳೇನ ಸರಿಯಾಗಿ ಓದಿಲ್ಲ ಕಣೇ. ‘ಮುಖ ಮುಚ್ಕೊಂಡಿದ್ದೆ’ ಅಂತ ಇದ್ದಿದ್ರೆ ಹಾಕ್ತಿದ್ದೆ. ಮುಚ್ಕೊಂಡಿದ್ದೆ, ಹೌದು, ಉಸಿರು ಬೇಕಲ್ಲ. ‘ಉದ್ದೇಶದಿಂದ’ ಅಂತ ಬರೆದಿದ್ದಾರೆ. ಆ ಮೂಲೇಲಿ ನನ್ನನ್ನ ಗುರುತಿಸದ ನಾಯಿ ಕೂಡ ಇಲ್ಲ. ನಾನು ಯಾರಿಂದ ಬಚ್ಚಿಟ್ಕೋಬೇಕು?”

“ಹಾಗಾದ್ರೆ ಗುರುವಾರ ಏನು ಹೇಳ್ತೀರಿ?”

“ನನ್ನ ಹೆಸರು ಹೇಳ್ತೀನಿ. ಮೊದಲು ಅದನ್ನೇ ಕೇಳ್ತಾರಲ್ಲ.” ಆಮೇಲೆ ಚಾಕು ಒರೆಸುತ್ತ, “ನೀನು ಪೇಪರಿಗೆ ಬರೀತೀಯಂತೆ. ಬರಿ. ಆದ್ರೆ ಅಳು ಬೇಡಮ್ಮಾ. ನಗರ ಸಭೇಲಿ ನೋಡಿದೆನಲ್ಲ ನಿನ್ನ, ಎರಡು ನಿಮಿಷದಲ್ಲಿ ಒಂದು ನಿಮಿಷ ಮೂಗು ಒರೆಸೋದ್ರಲ್ಲೇ ಹೋಯ್ತು,” ಎಂದರು.

ಹಾಗಾಗಿ ಅಳು ಬಿಟ್ಟು ಬರೆದಿದ್ದೇನೆ. ಈಗ ನನ್ನ ಬೇಡಿಕೆ.

ಗುರುವಾರಕ್ಕೆ ಮೊದಲೇ ನೋಟೀಸು ಹಿಂತೆಗೆದುಕೊಂಡರೆ ಬಹಳ ಸಂತೋಷ. ಆ ಫಾರಂನ ಮೊದಲೆರಡು ಖಾನೆಗಳನ್ನು ಖಾಲಿ ಬಿಡಬಹುದೆಂದು ಮಾಡಿ, ಅವುಗಳ ಕೆಳಗೆ ‘ಏನನ್ನು ಕಂಡಿರಿ’ ಎಂದು ಒಂದು ಉದ್ದನೆಯ ಖಾನೆ ಸೇರಿಸಿದರೆ ಇನ್ನೂ ಸಂತೋಷ. ಧೂಳಿನ ವಿನಾಯಿತಿಯನ್ನು ನಗರ ಸಭೆಯಲ್ಲಿ ಸೇರಿಸುವ ಕೆಲಸ ನನಗೆ ಬಿಡಿ, ಅದು ನನ್ನ ತಪ್ಪು. ಇದ್ಯಾವುದೂ ಆಗದು, ವಿಚಾರಣೆ ನಡೆಸಿಯೇ ತೀರುತ್ತೇವೆ ಎಂದರೆ ಸರಿ, ನಡೆಸಿ. ಆದರೆ ಕಾಗದದ ಮೇಲೆ ಬೇಡ. ಸಭಾಂಗಣದಲ್ಲಿ ಹತ್ತು ಮಂದಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ. ಎಲ್ಲರಿಗೂ ಒಂದೇ ಜಾಕೆಟ್ಟು, ಹೆಸರಿಲ್ಲದ್ದು. ಎಲ್ಲರಿಗೂ ಕಣ್ಣಿನವರೆಗೆ ಮುಖಗವಸು. ಅವರಲ್ಲಿ ದೋನ್ಯಾ ತೆಂಚಾ ಒಬ್ಬರಿರಲಿ. ಒಂದನೆಯ ತರಗತಿಯಿಂದ ಯಾವ ಮಗುವನ್ನು ಬೇಕಾದರೂ ನೀವೇ ಆರಿಸಿ ಒಳಗೆ ಕರೆಯಿರಿ. ಮಗು ಓಡಿಹೋಗಿ ಅವರ ಕೈ ಹಿಡಿಯದಿದ್ದರೆ ಆ ಒಪ್ಪಿಗೆಯ ಹಾಳೆಗೆ ನಾನೇ ಸಹಿ ಹಾಕುತ್ತೇನೆ. ಕೈ ಹಿಡಿದರೆ, ಶುಕ್ರವಾರ ಬೆಳಿಗ್ಗೆ ಅವರು ಮೂಲೆಯಲ್ಲಿರಬೇಕು, ಮುಖಗವಸಿನ ಸಮೇತ.

ಅದಾದ ಮೇಲೆ, ಅದೇ ಜಾಗದಲ್ಲಿ, ಆ ವ್ಯಾನಿನ ಮೂವರನ್ನು (ದೂರು ಕೊಟ್ಟವರು ಅವರಲ್ಲೊಬ್ಬರೇ ತಾನೇ?) ಹಾಗೇ ಮುಖ ಮುಚ್ಚಿಕೊಂಡೇ ನಿಲ್ಲಿಸಿ. ಮಕ್ಕಳನ್ನು ಹೊರಗೆ ಕಳಿಸೋಣ. ನಮ್ಮ ಪಾಲಿಗೆ ಮಾರಿಸೆಲಾ ಒಬ್ಬಳು ಕುರ್ಚಿ ಹಾಕಿಕೊಂಡು ಎದುರಿಗೆ ಕೂರುತ್ತಾಳೆ. ಅವರು ಯಾರೆಂದು ಅವಳಿಗೆ ನೀವು ಹೇಳಿ. ನಿಮಗೂ ಗೊತ್ತಿಲ್ಲವೆಂದರೆ ಅದನ್ನಾದರೂ ಹೇಳಿ, ಅವಳಿಗೇ, ಮುಖ ಕೊಟ್ಟು.

ಇಂತಿ, ತನ್ನ ಪೂರ್ತಿ ಹೆಸರನ್ನು ಪತ್ರಿಕೆಯಲ್ಲಿ ಕಂಡು ಇವತ್ತಿನಿಂದ ಮುಂಬಾಗಿಲಿಗೆ ಚಿಲಕ ಹಾಕಿಕೊಳ್ಳಲಿರುವ,
ಆರ್ಪಿ ತೊಪಾಲಿಯಾನ್
ಗ್ರಂಥಪಾಲಕಿ, ಅರೋಯೋ ಪಾರ್ದೋ ಶಾಖೆ
(ಸೋಮವಾರದಿಂದ ಶುಕ್ರವಾರದವರೆಗೆ, ಹತ್ತರಿಂದ ಆರು, ಬಂದು ಕೇಳಬಹುದು)